ಆಪರೇಟರ್ ಆರಿಸಿದ ಪ್ರೊಜೆಕ್ಟರ್

ನಡುರಾತ್ರಿ ಹಜಾರದಿಂದ ಗುಂಯ್ ಎನ್ನುವ ಸಣ್ಣ ಸದ್ದು ಕೇಳಿಸಿತು. ಸೊಳ್ಳೆಯಲ್ಲ, ಹೊಸ ಪ್ರೊಜೆಕ್ಟರಿನ ಫ್ಯಾನು. ಸೊಸೆಯ ನಿದ್ದೆ ಮೊದಲೇ ತೆಳು. ಗಂಡ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ. ಹಾಗಾದರೆ ಅಲ್ಲಿರುವುದು ಮಾವನೇ.

ಮಾವ ಚಿತ್ರಮಂದಿರದಲ್ಲಿ ಆಪರೇಟರ್ ಆಗಿಯೇ ತಲೆ ಹಣ್ಣು ಮಾಡಿಕೊಂಡವರು. ಅದು ಮುಚ್ಚಿದ ಮೇಲೆ ಮಾತು ಬತ್ತಿ, ಕಿಟಕಿ ಪಕ್ಕದ ಕುರ್ಚಿಗೆ ಅಂಟಿಕೊಂಡುಬಿಟ್ಟಿದ್ದರು. ಮನೆಗೊಂದು ಪ್ರೊಜೆಕ್ಟರ್ ತರುವ ಮಾತು ಬಂದಾಗಲೇ ಅವರು ಮತ್ತೆ ಬಾಯಿ ಬಿಟ್ಟದ್ದು.

"ಮೇಲೆ ತೂಗುಹಾಕೋದು ಬೇಡ ಕಣೋ. ನೀರು ಕುಡಿಯೋಕೆ ಎದ್ದವರ ತಲೆ ನೆರಳೆಲ್ಲ ಹೀರೋ ಮೂಗಿನ ಮೇಲೆ ಬೀಳುತ್ತೆ," ಎಂದು ಮಗನಿಗೆ ಹೇಳಿ, ಗೋಡೆಯ ಬುಡದಲ್ಲೇ ಕೂತು ಗೋಡೆ ತುಂಬ ಚಿತ್ರ ಚೆಲ್ಲುವಂಥದ್ದನ್ನು ಕೇಳಿದ್ದರು. ಮೂವರೂ ಹೋದಾಗ ಅಂಗಡಿಯವನು ಅಂಥವನ್ನೇ ಸಾಲಾಗಿ ಹಚ್ಚಿಟ್ಟ. ಮಗ ಬಣ್ಣ ನೋಡಿ ಒಂದರ ಮುಂದೆ ನಿಂತ. ಮಾವ ಒಂದೊಂದರ ಬಳಿಯೂ ಬಗ್ಗಿ, ಅಂಗೈಯೊಡ್ಡಿ, ಕಿವಿಗೊಟ್ಟು, ಬೇರೊಂದನ್ನು ಮುಟ್ಟಿ, "ಇದೇ ಇರ್ಲಿ" ಎಂದರು.

"ಅಪ್ಪನ ಕಣ್ಣಿಗೆ ಬಿತ್ತು ಅಂದ್ಮೇಲೆ ಮುಗೀತು," ಎಂದ ಮಗ.

ಅಂದಿನಿಂದ ಭಾನುವಾರ ಬಂತೆಂದರೆ ಅಕ್ಕಪಕ್ಕದವರು ಹಾಜರು. "ಆಪರೇಟರ್ ಸಾಹೇಬ್ರೇ, ರೀಲ್ ಬಿಡಿ!" ಎಂದು ಛೇಡಿಸಿದರೆ, "ಮೊದ್ಲು ಟಿಕೆಟ್ ತೋರ್ಸಿ," ಎನ್ನುತ್ತಿದ್ದರು ಮಾವ.

ಸೊಸೆ ಹಜಾರಕ್ಕೆ ಬಂದಳು. ಸಂಜೆ ಗುಡಿಸುವಾಗ ಅವಳ ಕೈಯಿಂದಲೇ ಪ್ರೊಜೆಕ್ಟರ್ ತುಸು ಮುಂದಕ್ಕೆ ಸರಿದಿರಬೇಕು. ಚಿತ್ರ ಸೊಟ್ಟಗಾಗಿ ಸೂರಿಗೆ ಹತ್ತಿತ್ತು. ನಟರ ಕುತ್ತಿಗೆ ಗೋಡೆಯಲ್ಲಿ, ತಲೆ ಮೇಲೆ, ಎಲ್ಲವೂ ಕಲಸಿಹೋಗಿ.

"ನಿದ್ದೆ ಬರ್ಲಿಲ್ಲಮ್ಮ," ಎಂದರು ಮಾವ. "ನೋಡು, ಎಷ್ಟು ಚೊಕ್ಕವಾಗಿದೆ. ಒಂದೊಂದು ಕೂದಲೂ ಎಣಿಸ್ಬಹುದು."

ತಮಾಷೆಯೆಂದುಕೊಂಡಳು. ಅವರು ನಗಲಿಲ್ಲ. ಅಂಗಡಿಯಲ್ಲಿ ಬಗ್ಗಿದ ತಲೆ, ಒಡ್ಡಿದ ಅಂಗೈ ನೆನಪಾದವು. ಪ್ರೊಜೆಕ್ಟರನ್ನು ಗೋಡೆಯತ್ತ ಮೆಲ್ಲಗೆ ತಳ್ಳಿದಳು. ಸ್ಟ್ಯಾಂಡಿನ ಮೇಲೆ ಅದು ಕಿರ್ರೆಂದಿತು. ಚಿತ್ರ ಇಳಿದು ಗೋಡೆಗೆ ಬಂದು ಕೂತಿತು.

"ಈಗ ಸರಿಹೋಯ್ತಾ?" ಮಾವನ ದನಿ ತಗ್ಗಿತ್ತು.

"ಹೂಂ ಮಾವ."

"ಡಾಕ್ಟರಿಗೆ ತೋರ್ಸಾಯ್ತಮ್ಮ. ಔಷಧಿ ಇಲ್ವಂತೆ. ಅಂಚಲ್ಲಿ ಒಂಚೂರು ಕಾಣುತ್ತೆ, ನಡುವೆ ಬರೀ ಹೊಗೆ. ಅದಕ್ಕೇ ಸದ್ದು ಕಡಿಮೆ ಇರೋದನ್ನ ಆರ್ಸಿದೆ, ಮಾತಾದ್ರೂ ಸರಿಯಾಗಿ ಕೇಳ್ಲಿ ಅಂತ." ಪ್ರೊಜೆಕ್ಟರಿನ ಅಂಚು ಸವರಿದರು. "ಮಗನಿಗೆ ಗೊತ್ತಾದ್ರೆ ಬೈಯಲ್ಲ, ಅದೇ ಕಷ್ಟ. 'ನೀವು ಕೂತ್ಕೊಳ್ಳಿ ಅಪ್ಪ, ನಾನೇ ಹಾಕ್ತೀನಿ' ಅಂತಾನೆ. ಮತ್ತೆ ಆ ಕುರ್ಚೀನೇ ಗತಿ ನನಗೆ."

ಸೊಸೆ ಡ್ರಾಯರಿನಿಂದ ದಪ್ಪ ಟೇಪು ತಂದಳು. ಮಡಿಸಿ ಮಡಿಸಿ ಉಬ್ಬು ಬರುವಂತೆ ಪ್ರೊಜೆಕ್ಟರಿನ ಹಿಂದೆಯೂ ಎರಡು ಪಕ್ಕದಲ್ಲೂ ಅಂಟಿಸಿ, ಮಾವನ ಬೆರಳು ಹಿಡಿದು ಅದರ ಮೇಲಿಟ್ಟಳು.

"ಇದು ತಾಗೋವರೆಗೂ ತಳ್ಳಿ ಮಾವ, ಸಾಕು."

ಅವರು ತಡವಿ ನೋಡಿದರು. ಬೇಕೆಂದೇ ಸರಿಸಿದರು, ಮತ್ತೆ ಕೂರಿಸಿದರು. "ಸೊಟ್ಟಗಿದೆಯಾ?"

"ಇಲ್ಲ, ನೆಟ್ಟಗಿದೆ."

ಬೆಳಿಗ್ಗೆ ಗಂಡ ಟೇಪು ನೋಡಿ, "ಏನೇ ಇದು?" ಎಂದ.

"ಗುಡಿಸುವಾಗ ಸರಿದುಬಿಡುತ್ತೆ, ಗುರುತಿಗೆ."

"ನಿಂಗೆ ಎಲ್ಲದಕ್ಕೂ ಭಯ!" ಎಂದು ನಕ್ಕ.

ಕಿಟಕಿ ಪಕ್ಕದ ಕುರ್ಚಿ ಖಾಲಿಯಿತ್ತು. ಮಾವ ಸ್ಟ್ಯಾಂಡಿನ ಧೂಳು ಒರೆಸುತ್ತಿದ್ದರು. ಮಗನ ಪ್ರಶ್ನೆ ಕೇಳಿ ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತ್ತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನವನ್ನೂ ಗಂಡನ ಕಿವಿಗೆ ಹಾಕಿಯೇ ಸಮಾಧಾನಪಡುವ ಹೆಂಗಸು ಅವಳು. ಇದೊಂದನ್ನು ಮಾತ್ರ ಯಾರಿಗೂ ಹೇಳುವುದಿಲ್ಲವೆಂದು ನಿಶ್ಚಯಿಸಿ ಪೊರಕೆ ಎತ್ತಿಕೊಂಡಳು.