ಬ್ರಾಕೆಟ್ಟಿನೊಳಗಿನ ಹೆಸರು

ಮೇಷ್ಟ್ರಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿದ್ದು ಕಟ್ಟಿಕೊಂಡ ಹೆಂಡತಿಯ ಪಿಎಚ್‌ಡಿ ಪ್ರಬಂಧದಿಂದ. ಅದೂ ಪೂರ್ತಿ ಪ್ರಬಂಧದಿಂದಲ್ಲ, ಅದರ ಬ್ರಾಕೆಟ್ಟುಗಳಿಂದ. ನಗಬೇಡಿ. ಇಂಥ ಚಿಲ್ಲರೆ ವಿಷಯಕ್ಕೇ ಅಲ್ಲವೇ ಗಂಡಸರ ನಿದ್ದೆ ಕೆಡೋದು!

ಹೆಂಡತಿಯದು ಇರುವೆಗಳ ಮೇಲೆ ಸಂಶೋಧನೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಮೇಷ್ಟ್ರೂ ಒಂದು ಕಾಲದಲ್ಲಿ ಇರುವೆಗಳ ಬಗ್ಗೆ ಲೇಖನ ಬರೆದಿದ್ದರು. ಒಂದೇ ಒಂದು. ಅವಳು ಓದಿದ್ದನ್ನೆಲ್ಲ ಮಂಚದ ತುಂಬ ಹರಡಿಕೊಂಡು ಒದ್ದಾಡುವಾಗ ಉಲ್ಲೇಖ ಜೋಡಿಸುವ ಸಾಫ್ಟ್‌ವೇರ್ ಹಾಕಿಕೊಟ್ಟವರೂ ಅವರೇ. "ಓದಿದ ಲೇಖನಾನೆಲ್ಲ ಇದರೊಳಗೆ ತುಂಬಿಡು. ಬರೀವಾಗ ಬೇಕಾದ್ದನ್ನ ಒತ್ತು. ಬರೆದವರ ಹೆಸರು, ವರ್ಷ ಬ್ರಾಕೆಟ್ಟಲ್ಲಿ ತಾನಾಗೇ ಬಂದು ಕೂರತ್ತೆ," ಅಂತ ಪಾಠ ಬೇರೆ ಮಾಡಿದ್ದರು.

ಬಂದು ಕೂತವನು ಯಾರು? ಕುರುಚಲು ಗಡ್ಡ! ಅವಳ ವಿಭಾಗಕ್ಕೆ ಹೊಸದಾಗಿ ಬಂದ ಸಂಶೋಧಕನಿಗೆ ಮೇಷ್ಟ್ರು ಇಟ್ಟ ಹೆಸರು ಅದು. "ಎಷ್ಟು ಚೆನ್ನಾಗಿ ಮಾತಾಡ್ತಾರೆ ಗೊತ್ತಾ ಅವರು?" ಅಂತ ಹೆಂಡತಿ ಊಟಕ್ಕೆ ಕೂತಾಗೆಲ್ಲ ಹೇಳುವಳು. ಮೇಷ್ಟ್ರಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಹೊರಗೆ ಹೋದಾಗ ಮೇಷ್ಟ್ರು ಅವಳ ಕಂಪ್ಯೂಟರಿನಲ್ಲಿ ಮುಖ್ಯ ಅಧ್ಯಾಯ ತೆರೆದು ಅವನ ಹೆಸರು ಹುಡುಕಿದರು. ಪುಟಪುಟಕ್ಕೂ ಅವನೇ, ಅವನ ಅದೇ ಒಂದು ಲೇಖನ! ತಮ್ಮ ಹೆಸರು ಹುಡುಕಿದರು. ಒಂದು ಕಡೆ. ಭಿಕ್ಷೆ ಹಾಕಿದ ಹಾಗೆ ಒಂದೇ ಕಡೆ. ಏಣಿ ಹಾಕಿಕೊಟ್ಟವನು ನಾನು, ಹತ್ತಿ ಕೂತವನು ಅವನಾ? ಪುಣ್ಯಾತ್ಮ ಎಣಿಸಿದರೇ ಹೊರತು ಒಂದು ವಾಕ್ಯವನ್ನೂ ಓದಲಿಲ್ಲ.

ಆ ಸಾಫ್ಟ್‌ವೇರಿನಲ್ಲಿ ಒಂದು ಬಟನ್ ಇದೆ. ಒಂದೇ ಲೇಖನ ತಪ್ಪಿ ಎರಡು ಸಲ ಸೇರಿದ್ದರೆ ಎರಡನ್ನೂ ಕೂಡಿಸಿ ಒಂದು ಮಾಡೋದಕ್ಕೆ. ಮೇಷ್ಟ್ರು ಕುರುಚಲು ಗಡ್ಡದ ಲೇಖನವನ್ನೂ ತಮ್ಮದನ್ನೂ ಆರಿಸಿ, ತಮ್ಮದನ್ನೇ ಉಳಿಸಿಕೊಂಡು, ಬಟನ್ ಒತ್ತಿಬಿಟ್ಟರು. ಅವನಿದ್ದ ಕಡೆಯೆಲ್ಲ ಈಗ ಇವರು. ಆವತ್ತು ಎರಡು ತುತ್ತು ಜಾಸ್ತಿಯೇ ಉಂಡರು. ಹೆಂಡತಿ ತಿರುಗಿ ನೋಡದೆ ಅಧ್ಯಾಯವನ್ನು ಗೈಡ್ ಮೇಡಂಗೆ ಕಳಿಸಿದಳು.

ಭಾನುವಾರ ಬೆಳಿಗ್ಗೆ ಮೇಡಂ ಫೋನು. ಕೈಯಲ್ಲಿ ತರಕಾರಿ ಇದ್ದದ್ದಕ್ಕೆ ಹೆಂಡತಿ ಸ್ಪೀಕರ್ ಹಾಕಿದಳು.

"ಅಲ್ಲಮ್ಮ, ಯಾರು ಈ ಮನುಷ್ಯ? 'ಈ ವಾದಕ್ಕೆ ಆಧಾರವೇ ಇಲ್ಲ' ಅಂತೀಯ, ಬ್ರಾಕೆಟ್ಟಲ್ಲಿ ಅವನು. 'ಈ ಪ್ರಯೋಗದ ಲೆಕ್ಕ ತಪ್ಪು' ಅಂತೀಯ, ಮತ್ತೆ ಅವನೇ. ಪಾಪ, ಒಬ್ಬನನ್ನೇ ಹಿಡಿದು ಹೀಗಾ ಝಾಡಿಸೋದು?" ಅಂದು ಮೇಡಂ ಆ ಬ್ರಾಕೆಟ್ಟಿನ ಹೆಸರನ್ನು ಓದಿ ಹೇಳಿದರು.

ಚಾಕು ನಿಂತಿತು. "ಅದು... ನಮ್ಮ ಮನೆಯವರು ಮೇಡಂ."

ಫೋನಿನೊಳಗಿಂದ ದೊಡ್ಡ ನಗು ಕೇಳಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಫೋನ್ ಇಟ್ಟ ಕೂಡಲೇ, ಯಾರೂ ಕೇಳದಿದ್ದರೂ ಮೇಷ್ಟ್ರು, "ಸಾಫ್ಟ್‌ವೇರ್ ಕೆಟ್ಟಿರಬೇಕು, ನಾನಂತೂ ಮುಟ್ಟಿಲ್ಲಪ್ಪ!" ಅಂದರು.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಚೆನ್ನಾಗಿ ಮಾತಾಡ್ತಾರೆ ಅಂದೆ ಕಣ್ರೀ. ಅವರು ಹೇಳೋದು ಸರಿ ಅಂತ ಯಾವತ್ತಾದ್ರೂ ಅಂದಿದ್ನಾ? ಕೂತ್ಕೊಂಡು ಎಲ್ಲಾ ಮೊದಲಿನ ಹಾಗೆ ಮಾಡಿ."

ಮಾಡಿದ್ದುಣ್ಣೋ ಮಹರಾಯ. "ನಿಜವಾಗ್ಲೂ ನನ್ನ ಹೆಸರಿದ್ದ ಜಾಗ ಯಾವುದು?" ಅಂತ ಮೇಷ್ಟ್ರು ಮೆಲ್ಲಗೆ ಕೇಳಿದರು.

"ಓದಿ. ಓದಿದ್ರೆ ಗೊತ್ತಾಗತ್ತೆ."

ಮೊದಲಿನಿಂದ ಓದುವ ಧೈರ್ಯ ಸಾಲದೆ ಕೊನೆಯ ಪುಟದಿಂದ ಶುರುಮಾಡಿದರು. ಒಂದೊಂದು ವಾಕ್ಯ ಓದೋದು, ತಮ್ಮ ಹೆಸರು ಅಳಿಸೋದು, ತಮ್ಮ ಕೈಯಾರೆ ಕುರುಚಲು ಗಡ್ಡವನ್ನು ತಂದು ಕೂರಿಸೋದು. ಎಲ್ಲಾ ಬೈಗುಳವೇ. ಹೀಗೇ ಹಿಂದೆ ಹಿಂದೆ ಬಂದು, ಮೊದಲ ಪುಟದ ಮೊದಲ ಸಾಲಿಗೆ ಮುಟ್ಟಿದರು.

"ದಾರಿ ತಪ್ಪಿದ ಇರುವೆ ಏನು ಮಾಡುತ್ತದೆ ಎಂಬ ಪ್ರಶ್ನೆ ನನ್ನದಲ್ಲ. ಅದನ್ನು ಮೊದಲು ಕೇಳಿದವರಿಗೆ ಈ ಪ್ರಬಂಧ ಋಣಿ."

ಆಮೇಲೆ ಬ್ರಾಕೆಟ್ಟು.

"ಸಿಕ್ತಾ?" ಅಂತ ಅಡುಗೆಮನೆಯಿಂದ ಅವಳು ಕೂಗಿದಳು.

ಮೇಷ್ಟ್ರು ಆ ಒಂದು ಬ್ರಾಕೆಟ್ಟಿನೊಳಗಿನ ತಮ್ಮ ಹೆಸರನ್ನು ಮಾತ್ರ ಅಳಿಸದೆ, ಆ ಸಾಲನ್ನು ಇನ್ನೊಂದು ಸಲ ಓದಿದರು.