ಅಳಿಯ ಸೋಸಿದ ಬೋಜ

ಜೋಗದ ವಿದ್ಯುದಾಗಾರದಲ್ಲಿ ಮಂಜುನಾಥಪ್ಪನಿಗಿದ್ದ ಕೆಲಸ ಎಣ್ಣೆ ಸೋಸುವ ಯಂತ್ರದ ಪಕ್ಕ ನಿಲ್ಲುವುದು. ಟ್ರಾನ್ಸ್‌ಫಾರ್ಮರಿನ ಕೊಳಕು ಎಣ್ಣೆ ದಪ್ಪ ಕಾಗದಗಳ ಮೂಲಕ ಹಾದು ತಿಳಿಯಾಗಿ ಹೊರಗೆ ಬರುತ್ತಿತ್ತು. ಸೋಸುತ್ತಿದ್ದುದು ಯಂತ್ರ, ಬೀಗುತ್ತಿದ್ದುದು ಇವನು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನಿಗಿನ್ನೂ ಐಶ್ವರ್ಯವೂ ಬಂದಿರಲಿಲ್ಲ, ನೌಕರಿ ಖಾಯಮ್ಮಾಗಲು ಒಂದು ತಿಂಗಳು ಬಾಕಿಯಿತ್ತು. ಅಷ್ಟರೊಳಗೆ ಹೆಸರಿನ ಮೇಲೆ ಒಂದು ಪೊಲೀಸ್ ಕೇಸು ಬಿದ್ದರೂ ಮನೆಗೆ ಕಳಿಸುತ್ತಿದ್ದರು.

ಮದುವೆಯಾದ ಮೊದಲ ದೀಪಾವಳಿಗೆ ಹುಲಿಕಲ್ ಹತ್ತಿರದ ಹೆಂಡತಿಯ ತವರಿಗೆ ಬಂದ. ಅತ್ತೆ ಮಾಸ್ತಮ್ಮ ಒಂದು ಬಟ್ಟಲು ಅಕ್ಕಿಬೋಜ ತಂದು ಮುಂದಿಟ್ಟಳು. ಅನ್ನಕ್ಕೆ ಬೇರಿನ ಉಂಡೆ ಬೆರೆಸಿ, ಮಡಕೆಯಲ್ಲಿ ಹುಳಿ ಬರಿಸಿ, ಬಟ್ಟೆಯಲ್ಲಿ ಹಿಂಡಿ ತೆಗೆದ ಅಮಲಿನ ಬೋಜ. ಮೇಲೆ ಗಂಜಿಯಂತೆ ಬೆಳ್ಳಗಿತ್ತು, ತಳದಲ್ಲಿ ಗಸಿ ಕೂತಿತ್ತು.

"ಇದೇನತ್ತೆ, ದನಕ್ಕಿಡೋ ಅಕ್ಕಚ್ಚು ಇದ್ದಂಗಿದೆ! ಜೋಗದಲ್ಲಿ ಇದನ್ನ ನಾಯೀನೂ ಮೂಸಲ್ಲ."

"ಗಸಿ ಇದ್ರೇನೇ ಬೋಜ, ಅಳಿಯಂದ್ರೇ. ಅದರ ತಂಟೆಗೆ ಹೋಗ್ಬೇಡಿ."

ಹೇಳಿದ ಮಾತು ಕೇಳಿಬಿಟ್ಟರೆ ಅವನೆಂಥ ಅಳಿಯ? ಚೀಲದಿಂದ ಜೋಗದ ಸೋಸುವ ಕಾಗದ ಹೊರಗೆ ಬಂತು. ಹಬ್ಬದ ದಿನವಿಡೀ ಒಂದು ಮಡಕೆ ಬೋಜವನ್ನು ಹನಿಹನಿಯಾಗಿ ಸೋಸಿದ. ಗಸಿಯನ್ನು ತಿಪ್ಪೆಗೆ ಸುರಿದ. ಸಂಜೆಗೆ ಜೇನಿನ ಬಣ್ಣದ ತಿಳಿಬೋಜವನ್ನು ಸೀಸೆಗಳಿಗೆ ತುಂಬಿ, ಬಿರಡೆ ಜಡಿದು, ಜಗಲಿಯ ಮೇಲೆ ಸಾಲಾಗಿ ಜೋಡಿಸಿದ.

"ನಾನು ಸೋಸಿದ್ದು! ಇದರಲ್ಲಿ ಹಾಯ್ಸಿ ನೋಡಿದ್ರೆ ಆಚೆ ಗೋಡೆ ಕಾಣ್ತದೆ," ಎಂದು ಬಂದವರಿಗೆಲ್ಲ ಹೇಳಿದ. ಮಾಸ್ತಮ್ಮ ಮಾತ್ರ ದಾರಿಯ ಕಡೆ ನೋಡುತ್ತಿದ್ದಳು.

ದಾರಿಯಲ್ಲಿ ಪೊಲೀಸ್ ದಫೇದಾರ ಧರ್ಮಪ್ಪ ಬರುತ್ತಿದ್ದ. ಪಾನನಿರೋಧ ಇನ್ನೂ ಜಾರಿಯಲ್ಲಿದ್ದ ಕಾಲ. ಹಬ್ಬ ಬಂತೆಂದರೆ ಮನೆಮನೆ ಹೊಕ್ಕು ತಪಾಸಣೆ ಮಾಡುವುದು ಅವನ ಕೆಲಸ. ಪ್ರತಿ ಮನೆಯಲ್ಲೂ ಒಂದು ಬಟ್ಟಲು 'ಗಂಜಿ' ಕುಡಿದು, ಮೀಸೆ ಒರೆಸಿಕೊಂಡು, ಇಲ್ಲೇನೂ ಇಲ್ಲ ಎಂದು ಹೊರಡುವುದು ಅವನ ಪದ್ಧತಿ. ಹೀಗೆ ಗಂಜಿ ಕುಡಿದೇ ಅವನ ಮೂಗು ಕೆಂಪಾಗಿತ್ತು, ಊರಿನಲ್ಲಿ ಮಾತ್ರ ಒಂದು ಕೇಸೂ ಆಗಿರಲಿಲ್ಲ.

ಸೀಸೆಗಳ ಸಾಲು ಕಂಡು ದಫೇದಾರನಿಗೆ ನಿಜಕ್ಕೂ ದುಃಖವಾಯಿತು.

"ಎಂಥ ಕೆಲಸ ಆಯ್ತು ಮಾಸ್ತಮ್ಮ! ಗಸಿ ಇದ್ದಿದ್ರೆ ಗಂಜಿ ಅಂತಿದ್ದೆ. ಇದನ್ನ ಏನಂತ ಕುಡೀಲಿ? ಕೇಸು ಬರೀದೆ ಬಿಟ್ರೆ ನನ್ನ ಟೋಪಿ ಹೋಗ್ತದೆ. ಯಾರದಿದು?"

ಮಂಜುನಾಥಪ್ಪ ಸೀಸೆಗಳಿಂದ ಒಂದು ಹೆಜ್ಜೆ ಹಿಂದೆ ಸರಿದ. ಖಾಯಮ್ಮಾಗಬೇಕಿದ್ದ ನೌಕರಿ ಕಣ್ಣ ಮುಂದೆ ಬಂದು ನಿಂತಿತು.

"ಅತ್ತೇದು," ಎಂದ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಶರಾವತಿ ಗಂಡನ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು. "ಬೋಜ ಅವ್ವಂದು ದಫೇದಾರ್ರೆ. ಸೋಸಿದ್ದು, ಸೀಸೆಗೆ ತುಂಬಿದ್ದು ಇವರು. ಬಂದವರಿಗೆಲ್ಲ ಇವರೇ ಹೇಳಿದಾರೆ," ಎಂದಳು.

"ಅತ್ತೆ, ಒಂಚೂರು ಗಸಿ ಇದ್ರೆ ಹಾಕ್ಬಿಡಿ!" ಅಳಿಯ ಅಂಗಲಾಚಿದ.

"ನೀವೇ ತಿಪ್ಪೆಗೆ ಸುರಿದ್ರಲ್ಲ ಅಳಿಯಂದ್ರೇ."

ಅವನು ತಿಪ್ಪೆಗೆ ಓಡಿದ. ಸುರಿದ ಗಸಿಯನ್ನು ಎರಡೂ ಕೈಯಲ್ಲಿ ಬಾಚಿ ತಂದು, ಸೀಸೆಗಳನ್ನು ಮಡಕೆಗೆ ಬಗ್ಗಿಸಿ, ಅದರಲ್ಲಿ ಕಲಸಿದ. ತರಗೆಲೆಯ ಚೂರು, ಸಗಣಿಯ ಪುಡಿ ಎಲ್ಲ ತೇಲಿದವು.

"ಹಾಂ, ಈಗ ಗಂಜಿ ಆಯ್ತು," ಎಂದು ದಫೇದಾರ ಸಮಾಧಾನಪಟ್ಟ. "ಹಬ್ಬದ ಮೊದಲ ಬಟ್ಟಲು ಅಳಿಯಂದ್ರಿಗೇ ಆಗ್ಲಿ. ಗಂಜಿ ಹೌದೋ ಅಲ್ವೋ ನಂಗೂ ಗೊತ್ತಾಗ್ಬೇಕಲ್ಲ."

ಅಷ್ಟರಲ್ಲಿ ಮಾಸ್ತಮ್ಮ ಒಳಗಿನಿಂದ ಸೋಸದ ಬೋಜದ ಇನ್ನೊಂದು ಮಡಕೆ ತಂದು ದಫೇದಾರನಿಗೆ ಬಗ್ಗಿಸಿದಳು. ಮನೆಯ ಬೋಜವನ್ನೆಲ್ಲ ಅಳಿಯನ ಕೈಗೆ ಕೊಡುವಷ್ಟು ದಡ್ಡಿ ಅವಳಾಗಿರಲಿಲ್ಲ. ಅವನು 'ಅತ್ತೇದು' ಎನ್ನದೆ ಇದ್ದಿದ್ದರೆ ಆ ಮಡಕೆ ಸ್ವಲ್ಪ ಮೊದಲೇ ಹೊರಗೆ ಬರುತ್ತಿತ್ತು.

ಮಂಜುನಾಥಪ್ಪ ಕಣ್ಣು ಮುಚ್ಚಿ ಕುಡಿದು ಬಟ್ಟಲು ಕೆಳಗಿಟ್ಟ. ಶರಾವತಿ ಅದನ್ನೆತ್ತಿ ಓರೆ ಮಾಡಿ ನೋಡಿ, ಮತ್ತೆ ಅವನ ಕೈಗೇ ಕೊಟ್ಟಳು.

"ತಳದಲ್ಲಿ ಗಸಿ ಉಳಿದಿದೆ. ಅದನ್ನೂ ಕುಡೀರಿ."