ಏಳು ಬಿಸಿಲು

ಸೂರ್ಯನಿಗೆ ಭೂಮಿಯ ಮೇಲೆ ಗುರುತಿನವರು ಯಾರೂ ಇಲ್ಲದ ಕಾಲವೊಂದಿತ್ತಂತೆ. ಆಗ ತ್ರಾಸಿಯ ಕಡಲ ದಂಡೆಯ ಮುದುಕಿಯೊಬ್ಬಳು ಅವನನ್ನು ಕೂಗಿ, "ನನ್ನ ಬೀಜಕ್ಕೆ ಏಳು ದಿನ ಕಾವು ಕೊಡಪ್ಪ" ಎಂದು ಕೇಳಿದಳಂತೆ. "ಕೊಡುತ್ತೇನೆ. ಆದರೆ ಒಬ್ಬನೇ ಬೇಜಾರು. ಯಾರಾದರೂ ಜೊತೆಗೆ ನಿಲ್ಲಬೇಕು. ನಿಂತವರ ಮೈಮೇಲೆ ನನ್ನ ಗುರುತು ಇಟ್ಟು ಹೋಗುತ್ತೇನೆ" ಎಂದನಂತೆ ಸೂರ್ಯ. ಅಂದಿನಿಂದ ಬೀಜಕ್ಕೆ ಏಳು ಬಿಸಿಲು.

ಪದ್ದು ಅಜ್ಜಿ ಈ ಕಥೆಯನ್ನು ಮೊಮ್ಮಗಳು ಸ್ನೇಹಲತಾಳಿಗೆ ಎಷ್ಟು ಸಲ ಹೇಳಿದ್ದರೋ. 2009ರ ಏಪ್ರಿಲ್‌ನಲ್ಲಿ ಮಾತ್ರ ಕಥೆಯ ಬೆನ್ನಿಗೆ ಕೆಲಸವೂ ಬಂತು. ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲೇ ಇರಬೇಕು, ಬಿಸಿಲಿಗೆ ಇಳಿಯಬಾರದು ಎಂದು ಡಾಕ್ಟರು ಹೇಳಿದ್ದರು. ಅಂಗಳದ ಚಾಪೆಯ ಮೇಲೆ, ಮುಂದಿನ ಬಿತ್ತನೆಗೆಂದು ಆರಿಸಿದ ನೆಲಗಡಲೆ ಹರಡಿತ್ತು. ಅಜ್ಜಿ ಸೊಸೆಯಾಗಿ ಬಂದ ದಿನದಿಂದ ಆ ಮನೆಯಲ್ಲಿ ಒಂದು ವರ್ಷವೂ ತಪ್ಪದೆ ಉಳಿದು ಬಂದ ಬೀಜ ಅದು.

"ಏಳ್ ಬಿಸ್ಲ್ ತೋರ್ಸಿ, ಬೈಹುಲ್ಲಿನ್ ಮುಡಿ ಕಟ್ಟಿ ಕೊಡ್ತೆ ಅಜ್ಜಿ. ನೀವ್ ಕೂಕಣಿ" ಎಂದು ಸ್ನೇಹಲತಾ ಮಾತು ಕೊಟ್ಟಳು.

ಡಿಗ್ರಿ ಪರೀಕ್ಷೆ ಮುಗಿಸಿದ್ದ ಹುಡುಗಿ ತಲೆಗೆ ಅಡಿಕೆಯ ಹಾಳೆಟೊಪ್ಪಿ ಇಟ್ಟು, ಕಾಲಿನಿಂದ ಕಡಲೆ ಮಗುಚುತ್ತ, ಕಾಗೆ ಅಟ್ಟುತ್ತ ನಾಲ್ಕು ಬಿಸಿಲು ದಾಟಿಸಿದಳು. ಸಂಜೆಯಾದರೆ ಅಜ್ಜಿ ಅವಳ ತೋಳಿಗೆ ತೆಂಗಿನೆಣ್ಣೆ ತಿಕ್ಕುತ್ತಿದ್ದರು. ಬಳೆ ಸರಿದ ಜಾಗದಲ್ಲಿ ಮಾತ್ರ ಹಳೆಯ ಬಣ್ಣದ ಗೆರೆ ಉಳಿದಿತ್ತು.

ನಾಲ್ಕನೆಯ ಸಂಜೆ ಅಮ್ಮ ವನಜ ಗೇರುಬೀಜದ ಕಾರ್ಖಾನೆಯಿಂದ ಬಂದವಳು ಮಗಳನ್ನು ಕಂಡು ಮೆಟ್ಟಿಲಲ್ಲೇ ನಿಂತಳು.

"ಎಂತ ಮಾಡ್ಕಂಡಿದ್ದೆ ಹೆಣೆ ಮುಖವ! ಶಂಕರನಾರಾಯಣದೋರ್ ನಿನ್ ಫೋಟೋ ಒಪ್ಪಿರಂಬ್ರ್. ಮೂರ್ ವಾರಕ್ಕೆ ಹೆಣ್ ಕಾಂಬುಕೆ ಬತ್ರ್ ಅಂದ ಶೀನಣ್ಣ. ನಾಳೆಯಿಂದ ನೀ ಅಂಗಳಕ್ಕೆ ಇಳೂಕಾಗ."

ಶೀನಣ್ಣ ಮದುವೆ ದಲ್ಲಾಳಿ. ಅವನು ಶಂಕರನಾರಾಯಣ ಊರಿನ ಗಂಡಿನ ಮನೆಗೆ ಒಯ್ದಿದ್ದ ಫೋಟೋ ಸ್ಟುಡಿಯೋದ ಎರಡು ದೀಪದ ನಡುವೆ, ಪೌಡರು ಬಳಿದು ತೆಗೆಸಿದ್ದು.

"ಇನ್ನೂ ಮೂರ್ ಬಿಸ್ಲ್ ಇತ್ತ್ ಅಮ್ಮ."

"ಬೀಜ ಪ್ಯಾಟೆಯಗೂ ಸಿಕ್ಕತ್ತ್. ಸಂಬಂಧ ಸಿಕ್ಕುದಿಲ್ಲ."

ಮರುದಿನ ವನಜ ರಜೆ ಹಾಕಿದಳು. ಕಡಲೆಯನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಿದಳು. ಮಗಳ ತಲೆಗೆ ಶಾಲು ಸುತ್ತಿ ಕುಂದಾಪುರಕ್ಕೆ, ಶರ್ಮಿಳಾಳ ಬ್ಯೂಟಿ ಪಾರ್ಲರಿಗೆ ಕರೆದುಕೊಂಡು ಹೋದಳು.

"ಈ ಕಪ್ಪ್ ಎಷ್ಟ್ ದಿನಕ್ಕೆ ಇಳೀತ್ತ್?"

"ಬಿಸ್ಲಿನ್ ಕಪ್ಪಾರೆ ಮೂರ್-ನಾಕ್ ವಾರ ಅಕ್ಕ. ಮೇಲಿನ್ ಚರ್ಮ ಉದುರಿ ಹೊಸ್ತ್ ಬತ್ತ್. ಹುಟ್ಟಿದ್ ಬಣ್ಣ ಮಾತ್ರ ಯಾವ್ ಕ್ರೀಮಿಗೂ ಇಳೂದಿಲ್ಲ" ಎಂದು ಶರ್ಮಿಳಾ ನಕ್ಕಳು. "ನಾ ಗೋವಾದ ಹೋಟ್ಲಗೆ ಕೆಲ್ಸಕ್ಕೆ ಇಪ್ಪ ಹೊತ್ತಿಗೆ ಉಲ್ಟಾ ಕಾಣಿ. ಫಾರಿನ್ನೋರ್ ದಿನವಿಡೀ ಕಡಲ ಹೊಯ್ಗೆ ಮೇಲ್ ಬಿದ್ಕಂಡ್ ಕಪ್ಪಾತ್ರ್. ಆಮೇಲ್ ಅದ್ ಇಳೀತ್ತ್ ಅಂದೇಳಿ ಹೆದ್ರಿಕೆ. ಬಿಸಿನೀರ್ ಬ್ಯಾಡ, ತಿಕ್ಕುದ್ ಬ್ಯಾಡ, ಎರ್ಡ್ ಹೊತ್ತೂ ಮೈಗೆ ಎಣ್ಣಿ ಹಚ್ಚಿ ಅಂತ ನಾವ್ ಹೇಳುದ್."

"ದುಡ್ ಕೊಟ್ ಕಪ್ಪಾಪುದಾ?"

"ಕಪ್ಪಾಪುದ್ ಸುಲಭ ಅಂಬ್ರ್ ಅಕ್ಕ. ಅದ್ನ ಇಟ್ಕಂಬುದೇ ಕಷ್ಟ ಅಂಬ್ರ್!"

ಸ್ನೇಹಲತಾಳಿಗೆ ನಗು ತಡೆಯಲಾಗಲಿಲ್ಲ. ಅಜ್ಜಿಯ ತೆಂಗಿನೆಣ್ಣೆ ನೆನಪಾಗಿತ್ತು. ವನಜ ನಗಲಿಲ್ಲ, ಎರಡು ಟ್ಯೂಬ್ ಕ್ರೀಮು ಕೊಂಡಳು.

ಭಾನುವಾರ ಬೆಳಿಗ್ಗೆ ಟಾರ್ಪಾಲಿನ ಅಡಿಯಿಂದ ಮುಗ್ಗಲು ವಾಸನೆ ಬಂತು. ಒಳಗೆ ಮಗಳ ಮುಖಕ್ಕೆ ಮೊಸರು, ಕಡಲೆಹಿಟ್ಟು ಮೆತ್ತುತ್ತಿದ್ದ ವನಜ ಸದ್ದು ಕೇಳಿ ಹೊರಗೆ ಇಣುಕಿದಳು. ಅಜ್ಜಿ ಕಪ್ಪು ಕನ್ನಡಕದಲ್ಲೇ ಅಂಗಳಕ್ಕಿಳಿದು, ನೆಲಕ್ಕೆ ಕೂತು ಕೈಯಿಂದ ಕಡಲೆ ಹರಡುತ್ತಿದ್ದರು.

"ಅತ್ತೆ! ಡಾಕ್ಟ್ರ್ ಎಂತ ಹೇಳಿರ್ ನಿಮ್ಗೆ?"

"ಡಾಕ್ಟ್ರ್ ಬಂದ್ ಕಾಗಿ ಅಟ್ಟುದಿಲ್ಲ ಮಾರಾಯ್ತಿ."

"ನನ್ ಮಗ್ಳ್ ಕಪ್ಪಾರೆ ಯಾರಿಗೆ ಕಷ್ಟ? ನಿಮ್ಗೆ ಬೀಜದ್ದೇ ಚಿಂತೆ."

"ಹೆಣ್ಣಿನ್ ಬಣ್ಣ ನೋಡುವೋರ್ ಎಂತಾ ಜನ್ವೋ, ಅಂತ ಕಡೆಗೆ..."

"ನಿಮ್ಮಂತ ಜನ!" ವನಜಳ ದನಿ ಒಡೆಯಿತು. "ಮದಿ ಆಯಿ ಈ ಮನಿಗ್ ಬಂದ್ ಎರ್ಡ್ನೇ ದಿನ ಬಾವಿಕಟ್ಟೆಯಗೆ ಮುಖ ತೊಳ್ದೆ. ಎಲ್ಲರೆದ್ರ್ ನೀವ್ ಎಂತ ಹೇಳಿರಿ, ನೆನ್ಪ್ ಇತ್ತಾ? 'ಫೋಟೋದಗಿದ್ ಹೆಣ್ ಎಲ್ಲಿಗ್ ಹೋಯ್ತ್' ಅಂದ್ರಿ. ನಂಗೆ ಇವತ್ತಿಗೂ ಆ ಬಾವಿಕಟ್ಟೆಯಗೆ ಮುಖ ತೊಳೂಕೆ ಮನ್ಸ್ ಬಪ್ಪುದಿಲ್ಲ."

ಅಜ್ಜಿಯ ಕೈ ಕಡಲೆಯ ಮೇಲೆ ನಿಂತುಹೋಯಿತು. ಅವರು ಕನ್ನಡಕ ತೆಗೆದು ಸೊಸೆಯನ್ನು ನೋಡಿದರು. ಬಿಸಿಲಿಗೋ ಏನೋ, ಕಣ್ಣು ತುಂಬಿತ್ತು.

"ಹೇಳಿದ್ದೆ. ರಾಜಂದ್, ರಾಕ್ಷಸಂದ್ ಕಥಿ ಎಲ್ಲ ಹೇಳ್ದೆ, ಅದೊಂದ್ ಕಥಿ ಯಾರಿಗೂ ಹೇಳ್ಲಿಲ್ಲ. ತಪ್ಪಾಯ್ತ್ ವನಜ." ಆಮೇಲೆ ಮೆಲ್ಲಗೆ ಕೇಳಿದರು: "ಈಗ ಈ ಹೆಣ್ಣಿನ್ ಫೋಟೋನೂ ನೀ ಹಾಂಗೇ ಕಳ್ಸಿದ್ದೆ ಅಲ್ದಾ? ಆ ಮನಿಯಗೂ ಒಂದ್ ಬಾವಿಕಟ್ಟಿ ಇರತ್ತ್."

ವನಜ ಹಿಂದೆ ತಿರುಗಿ ನೋಡಿದಳು. ಬಾಗಿಲಲ್ಲಿ ಮೊಸರು ಮೆತ್ತಿದ ಮುಖದ ಮಗಳು ನಿಂತಿದ್ದಳು. ವನಜ ಅತ್ತೆಗೆ ಕನ್ನಡಕ ಹಾಕಿಸಿ, ತೋಳು ಹಿಡಿದು ಜಗಲಿ ಹತ್ತಿಸಿದಳು. ಗೂಟದಲ್ಲಿದ್ದ ಹಾಳೆಟೊಪ್ಪಿ ತೆಗೆದು ತನ್ನ ತಲೆಗಿಟ್ಟುಕೊಂಡು ಅಂಗಳಕ್ಕಿಳಿದಳು.

"ಎಂತ ಕಾಂತೆ? ಮುಖ ತೊಳ್ಕಂಡ್ ಬಾ. ಐದ್ನೇ ಬಿಸ್ಲ್ ಇದ್."

ಆ ಸಂಜೆ ವನಜ ಶೀನಣ್ಣನಿಗೆ ಫೋನು ಮಾಡಿದಳು.

"ಆ ಫೋಟೋ ವಾಪಸ್ ತಕಂಬಾ. ಬೇರೆದ್ ಕೊಡ್ತೆ, ಅಂಗಳದಗೆ ತೆಗ್ದದ್ದ್."

"ಹ್ವಾಯ್ ವನಜಕ್ಕ, ಸಂಬಂಧ ತಪ್ಪಿ ಹೋದ್ರೆ?"

"ಬಪ್ಪೋರ್ ಅದನ್ ಕಂಡೇ ಬರ್ಲಿ."

ಆರನೆಯ ದಿನ ಸ್ನೇಹಲತಾ ಒಬ್ಬಳೇ ಕಾವಲು ನಿಂತಳು. ಏಳನೆಯ ದಿನ ಕಾರ್ಖಾನೆಗೆ ಹಬ್ಬದ ರಜೆಯಿತ್ತು. ಅಮ್ಮ ಮಗಳು ಇಬ್ಬರೂ ನಿಂತರು. ಸಂಜೆ ಅಜ್ಜಿ ಒಂದು ಕಡಲೆಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಬೀಜ ಗಲಗಲ ಎಂದಿತು. ಅವರು ಎಣ್ಣೆ ಬಟ್ಟಲು ತಂದು ಮೊದಲು ಸೊಸೆಯ ತೋಳು ಹಿಡಿದರು. ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ಅದೇ ಮೊದಲು.

"ಎಣ್ಣಿ ಹಚ್ಚಿರೆ ಈ ಬಣ್ಣ ಇಳೂದಿಲ್ಲ ಅತ್ತೆ, ಗೋವಾದೋರ್ ಹೇಳಿದ್ದ್" ಎಂದು ವನಜ ನಕ್ಕಳು. ಆದರೆ ತೋಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಸ್ನೇಹಲತಾ ಬೈಹುಲ್ಲು ಹಾಸಿ, ಕಡಲೆ ಸುರಿದು, ಅಜ್ಜಿ ಹೇಳಿದಂತೆ ಹಗ್ಗವನ್ನು ಒಂದೊಂದೇ ಸುತ್ತು ಬಿಗಿದಳು. ಗುಂಡಗಿನ ಮುಡಿಯನ್ನು ಎರಡು ಕೈಯಲ್ಲಿ ಎತ್ತಿ ತಂದು ಅಜ್ಜಿಯ ಮಡಿಲಲ್ಲಿ ಇಟ್ಟಳು.